ಶರದೃತುವಿನ ಹಬ್ಬಗಳು: ಮನೆಮಂದಿ ಕೂಡಿ ಸಲ್ಲಿಸುವ ಕೃತಜ್ಞತೆ

ಮಳೆಗಾಲ ಹಿಂದೆ ಸರಿದು ಆಕಾಶ ತಿಳಿಯಾಗುವ, ಗದ್ದೆಯ ಪೈರು ತೆನೆಗಟ್ಟುವ ಕಾಲವನ್ನು ನಮ್ಮ ಹಿರಿಯರು ಶರದೃತುವೆಂದು ಕರೆದರು. ಚಾಂದ್ರಮಾನ ಪಂಚಾಂಗದ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಈ ಋತುವಿಗೆ ಸೇರುತ್ತವೆ. ಇಂಗ್ಲಿಷ್ ಕ್ಯಾಲೆಂಡರಿನ ಲೆಕ್ಕದಲ್ಲಿ ಇದು ಸುಮಾರಾಗಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆಯವರೆಗಿನ ಅವಧಿ. ಋತುವಿನ ಹೊಸ್ತಿಲಲ್ಲೇ ಮಹಾಲಯ ಅಮಾವಾಸ್ಯೆ. ಒಳಗೆ ಕಾಲಿಟ್ಟರೆ ನವರಾತ್ರಿ, ಆಯುಧ ಪೂಜೆ, ವಿಜಯದಶಮಿ, ಸೀಗೆ ಹುಣ್ಣಿಮೆ, ತುಲಾ ಸಂಕ್ರಮಣ, ದೀಪಾವಳಿ ಮತ್ತು ತುಳಸಿ ಪೂಜೆ. ವರ್ಷದ ಬೇರೆ ಯಾವ ಎರಡು ತಿಂಗಳುಗಳಲ್ಲೂ ನಮ್ಮ ಮನೆಗಳಲ್ಲಿ ಇಷ್ಟು ಹಬ್ಬಗಳು ಒತ್ತಾಗಿ ಬರುವುದಿಲ್ಲ.

ಈ ಹಬ್ಬಗಳನ್ನು ಪುರಾಣ ಕಥೆಗಳ ಮೂಲಕವೋ ಪೂಜಾವಿಧಾನದ ಮೂಲಕವೋ ಪರಿಚಯಿಸುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ಅವುಗಳನ್ನು ಮತ್ತೊಂದು ಬದಿಯಿಂದ ನೋಡಲು ಯತ್ನಿಸಿದ್ದೇವೆ. ಕನ್ನಡ ಕುಟುಂಬವೊಂದು ತಾನು ಯಾರಿಂದ, ಯಾವುದರಿಂದ ಬದುಕಿದೆ ಎಂಬುದನ್ನು ವರ್ಷಕ್ಕೊಮ್ಮೆ ಒಟ್ಟಾಗಿ ನೆನೆಯುವ ಸಂದರ್ಭಗಳೆಂದು ಇವುಗಳನ್ನು ಗಮನಿಸಿದರೆ, ಮಹಾನಗರದ ಮನೆಗಳಲ್ಲಿ ಇವುಗಳ ಆಚರಣೆ ಹೇಗಿರಬೇಕೆಂಬ ಪ್ರಶ್ನೆಗೂ ಉತ್ತರ ದೊರೆಯುತ್ತದೆ.

ಮಾತಿನಲ್ಲಿ ಹೇಳದ ಧನ್ಯವಾದ

ಕನ್ನಡದಲ್ಲಿ ‘ಧನ್ಯವಾದ’, ‘ವಂದನೆ’, ‘ಕೃತಜ್ಞತೆ’ ಎಂಬ ಮಾತುಗಳಿವೆ. ಆದರೆ ಅವು ಸಭೆಯ ಮಾತುಗಳು, ಪತ್ರದ ಮಾತುಗಳು. ಊಟ ಬಡಿಸಿದ ತಾಯಿಗೆ ಮಗ ‘ಧನ್ಯವಾದ’ ಎಂದರೆ ಆಕೆ ನಗಬಹುದು. ‘ನಾನೇನು ಹೊರಗಿನವಳೇ’ ಎಂದು ನೊಂದುಕೊಳ್ಳಲೂಬಹುದು. ಅಣ್ಣ ತಮ್ಮಂದಿರು, ಗಂಡ ಹೆಂಡಿರು, ಸೊಸೆ ಅತ್ತೆಯರು ಪರಸ್ಪರ ಹೀಗೆ ಹೇಳಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಹಾಗೆಂದು ನಮ್ಮವರಿಗೆ ಉಪಕಾರಸ್ಮರಣೆ ಇರಲಿಲ್ಲವೆಂದು ಭಾವಿಸಿದರೆ ತಪ್ಪಾಗುತ್ತದೆ. ಅದು ನಾಲಗೆಯ ಮೇಲಿರದೆ ಕೈಯಲ್ಲಿತ್ತು. ಕಾಲಿಗೆರಗುವುದು, ಎಡೆ ಇಡುವುದು, ಎಣ್ಣೆ ಹಚ್ಚುವುದು, ಆರತಿ ಬೆಳಗುವುದು, ಮೊದಲ ತುತ್ತನ್ನು ತೆಗೆದಿರಿಸುವುದು, ಇವೇ ನಮ್ಮ ಧನ್ಯವಾದಗಳು.

ಇದಕ್ಕೆ ಆಧಾರವಾಗಿರುವ ಶಬ್ದ ‘ಋಣ’. ಮನುಷ್ಯನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿರುತ್ತಾನೆ ಎಂಬ ಮಾತು ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ಶಾಸ್ತ್ರ ಓದದವರ ಬಾಯಲ್ಲಿ ಅದೇ ಭಾವ ‘ಅನ್ನದ ಋಣ’, ‘ಮಣ್ಣಿನ ಋಣ’, ‘ಉಪ್ಪಿನ ಋಣ’ ಎಂದಾಯಿತು. ಹನ್ನೆರಡನೆಯ ಶತಮಾನದ ಶರಣರು ಅದಕ್ಕೆ ಕಾಯಕ ಮತ್ತು ದಾಸೋಹಗಳ ರೂಪ ಕೊಟ್ಟು, ಪಡೆದುದನ್ನು ಸಮಾಜಕ್ಕೆ ಹಿಂದಿರುಗಿಸುವ ದಾರಿಯನ್ನು ತೋರಿದರು. ಬ್ಯಾಂಕಿನಲ್ಲಿ ದುಡಿಯುವ ನಮಗೆ ಸಾಲ ಮತ್ತು ಋಣಗಳ ನಡುವಿನ ಅಂತರ ಬೇಗನೆ ಹೊಳೆಯುತ್ತದೆ. ಕೊನೆಯ ಕಂತು ಕಟ್ಟಿದ ದಿನ ಸಾಲದ ಖಾತೆ ಮುಚ್ಚಿಹೋಗುತ್ತದೆ. ಋಣದ ಖಾತೆಗೆ ಮುಕ್ತಾಯವಿಲ್ಲ. ಅದನ್ನು ವರ್ಷಕ್ಕೊಮ್ಮೆ ತೆರೆದು ಓದಬೇಕು, ಮುಂದಿನವರಿಗೆ ಒಪ್ಪಿಸಬೇಕು, ಅಷ್ಟೆ. ಶರದೃತುವಿನ ಹಬ್ಬಗಳು ಆ ಖಾತೆಯನ್ನು ತೆರೆಯುವ ದಿನಗಳು.

ಹಿರಿಯರಿಗೆ: ಮಹಾಲಯ

ಭಾದ್ರಪದ ಕೃಷ್ಣ ಪಕ್ಷವು ಪಿತೃಪಕ್ಷ. ಅದರ ಕೊನೆಯ ದಿನವೇ ಮಹಾಲಯ ಅಮಾವಾಸ್ಯೆ. ಈ ಸಂದರ್ಭದ ತರ್ಪಣಕ್ಕೆ ಒಂದು ವಿಶೇಷವಿದೆ. ಸಾಂವತ್ಸರಿಕ ಶ್ರಾದ್ಧದಲ್ಲಿ ಒಬ್ಬರನ್ನು ಉದ್ದೇಶಿಸಿದರೆ, ಮಹಾಲಯದಲ್ಲಿ ತಂದೆ ತಾಯಿಯರ ಎರಡೂ ಕಡೆಯ ಬಂಧುಗಳನ್ನಲ್ಲದೆ ಗುರುವನ್ನು, ಮಿತ್ರನನ್ನು ಕೂಡ ಹೆಸರಿಸಿ ನೀರು ಬಿಡುವ ಪದ್ಧತಿಯಿದೆ. ರಕ್ತಸಂಬಂಧವಿಲ್ಲದವರಿಗೂ ನಾವು ಋಣಿಗಳು ಎಂಬ ತಿಳಿವಳಿಕೆ ಅದರಲ್ಲಿ ಅಡಗಿದೆ.

ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ಮಂತ್ರಗಳಿಲ್ಲದೆಯೇ ಇದೇ ಕಾರ್ಯ ನಡೆಯುತ್ತದೆ. ಪಿತೃಪಕ್ಷದಿಂದ ಮಹಾನವಮಿಯ ನಡುವಣ ದಿನಗಳಲ್ಲಿ ಅವರು ಹಿರಿಯರ ಹಬ್ಬ ಮಾಡುತ್ತಾರೆ. ಕೆಲವೆಡೆ ಇದನ್ನೇ ಮಾರ್ನಮಿ ಎನ್ನುವುದುಂಟು. ಹೊಸ ಬಟ್ಟೆ ಇರಿಸಿ, ತೀರಿಹೋದವರು ಇಷ್ಟಪಡುತ್ತಿದ್ದ ತಿನಿಸುಗಳನ್ನೆಲ್ಲ ಎಡೆಯಲ್ಲಿ ಬಡಿಸುತ್ತಾರೆ. ಅಜ್ಜನಿಗೆ ಎಲೆ ಅಡಿಕೆ ಪ್ರಿಯವಾಗಿದ್ದರೆ ಎಲೆ ಅಡಿಕೆ, ಬಾಡೂಟ ಪ್ರಿಯವಾಗಿದ್ದರೆ ಬಾಡೂಟ. ಅಜ್ಜನನ್ನು ಕಾಣದ ಮೊಮ್ಮಗುವಿಗೂ ಆ ಎಡೆಯ ಮುಂದೆ ನಿಂತಾಗ ಆತನ ರುಚಿ ಅಭಿರುಚಿಗಳ ಪರಿಚಯವಾಗುತ್ತದೆ.

ಆಯುಧಕ್ಕೆ, ಅಕ್ಷರಕ್ಕೆ: ನವರಾತ್ರಿ

ನಾಡಹಬ್ಬವೆಂದು ಹೆಸರಾದ ದಸರೆಯನ್ನು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಆರಂಭಿಸಿದರು. ಅದು ಅರಮನೆಯ ಆಚರಣೆ. ಮನೆಯೊಳಗಿನ ನವರಾತ್ರಿಯ ಸ್ವರೂಪ ಬೇರೆಯೇ. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಬೊಂಬೆಗಳು ಪೆಟ್ಟಿಗೆಯಿಂದ ಹೊರಬಂದು ಮೆಟ್ಟಿಲುಗಳ ಮೇಲೆ ಕೂರುತ್ತವೆ. ಬೊಂಬೆ ನೋಡಲು ಬಂದ ನೆರೆಮನೆಯ ಮಕ್ಕಳಿಗೆ ಬೊಂಬೆ ಬಾಗಿನವೆಂದು ತಿನಿಸು ಕೊಡುತ್ತಾರೆ. ಸರಸ್ವತಿ ಪೂಜೆಯಂದು ಪುಸ್ತಕಗಳನ್ನು ಪೂಜೆಗಿಟ್ಟು, ವಿಜಯದಶಮಿಯವರೆಗೆ ಅವನ್ನು ಮುಟ್ಟದಿರುವ ರೂಢಿಯೂ ಇದೆ. ದಿನವೂ ಬಳಸುವ ವಸ್ತುವಿನಿಂದ ಎರಡು ಮೂರು ದಿನ ದೂರವಿದ್ದಾಗ ಅದರ ಬೆಲೆ ತಾನಾಗಿ ತಿಳಿಯುತ್ತದೆ.

ಮಹಾನವಮಿಯ ಆಯುಧ ಪೂಜೆಯಂತೂ ಎಲ್ಲ ವೃತ್ತಿಯವರಿಗೂ ಸಮಾನ. ನೇಗಿಲು, ಮಗ್ಗ, ಕತ್ತರಿ, ತಕ್ಕಡಿ, ಲಾರಿ, ಬಸ್ಸು, ಗಣಕಯಂತ್ರ ಎಲ್ಲಕ್ಕೂ ಅಂದು ಅರಿಶಿನ ಕುಂಕುಮ. ಮರುದಿನ ಪಾಂಡವರು ತಮ್ಮ ಆಯುಧಗಳನ್ನು ಬಚ್ಚಿಟ್ಟ ಶಮೀವೃಕ್ಷದ ನೆನಪಿನಲ್ಲಿ ಬನ್ನಿ ಪೂಜೆ. ಉತ್ತರ ಕರ್ನಾಟಕದಲ್ಲಿ ಕಿರಿಯರು ಹಿರಿಯರ ಕೈಗೆ ಬನ್ನಿಯೆಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ಹಾರೈಸಿ, ಕಾಲಿಗೆರಗುತ್ತಾರೆ. ವರ್ಷದ ಮನಸ್ತಾಪಗಳನ್ನು ಅಂದು ಬನ್ನಿ ಕೊಟ್ಟು ಮುಗಿಸಿಕೊಳ್ಳುವುದು ವಾಡಿಕೆ. ಮುನಿಸು ಉಳಿದಿರುವವರೆಗೆ ಉಪಕಾರದ ನೆನಪು ಮೇಲಕ್ಕೆ ಬರುವುದಿಲ್ಲವೆಂಬುದನ್ನು ನಮ್ಮವರು ಚೆನ್ನಾಗಿ ಅರಿತಿದ್ದರು.

ಭೂಮಿಗೆ, ತೆನೆಗೆ, ನದಿಗೆ

ಆಶ್ವಯುಜ ಪೌರ್ಣಿಮೆಯು ಸೀಗೆ ಹುಣ್ಣಿಮೆ. ಮಲೆನಾಡಿನಲ್ಲಿ ಇದೇ ಭೂಮಿ ಹುಣ್ಣಿಮೆ. ಭತ್ತದ ಪೈರು ಹೊಡೆ ತುಂಬಿ ನಿಂತಿರುವ ಈ ಹೊತ್ತಿನಲ್ಲಿ ಭೂಮಿತಾಯಿಯನ್ನು ತುಂಬು ಬಸುರಿಯೆಂದು ಭಾವಿಸಿ ಬಯಕೆಯೂಟ ಬಡಿಸುತ್ತಾರೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಭಾಗದ ದೀವರ ಮನೆಗಳಲ್ಲಿ ಹೆಂಗಸರು ದಿನಗಟ್ಟಲೆ ಕೂತು, ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ ಮಾಡಿ, ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಹಲವು ಬಗೆಯ ಸೊಪ್ಪುಗಳನ್ನು ಬೇಯಿಸಿ ಕಲೆಸಿದ ಚರಗವನ್ನು ಪೈರಿನ ಮೇಲೆ ಬೀರುತ್ತಾರೆ. ಕಾಗೆಗೂ ಅಂದು ಎಡೆಯುಂಟು. ಕೊನೆಗೆ ಮನೆಮಂದಿಯೆಲ್ಲ ಗದ್ದೆಯ ಬದುವಿನಲ್ಲೇ ಕುಳಿತು ಉಣ್ಣುತ್ತಾರೆ. ಉತ್ತರ ಕರ್ನಾಟಕದ ಶೀಗಿ ಹುಣ್ಣಿಮೆಯಲ್ಲಿಯೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧುಗಳೊಡನೆ ಉಣ್ಣುವುದೇ ಮುಖ್ಯ. ಎರಡು ಕಡೆಯೂ ಕ್ರಮ ಒಂದೇ: ಭೂಮಿಗೆ ಮೊದಲು, ಮನುಷ್ಯರಿಗೆ ಅನಂತರ.

ಕರಾವಳಿಯಲ್ಲಿ ಇದೇ ಭಾವ ತೆನೆ ಹಬ್ಬವಾಗಿ, ತುಳುವಿನಲ್ಲಿ ಕುರಲ್ ಪರ್ಬವಾಗಿ ಕಾಣಿಸುತ್ತದೆ. ಹೊಸ ಭತ್ತದ ಕದಿರನ್ನು ಮಾವು, ಹಲಸು ಮುಂತಾದ ಎಲೆಗಳಲ್ಲಿ ಸುತ್ತಿ, ಮನೆಯ ಕಂಬಕ್ಕೆ, ಬಾವಿಗೆ, ತೆಂಗಿನ ಮರಕ್ಕೆ, ಕೊಟ್ಟಿಗೆಗೆ, ನೇಗಿಲಿಗೆ ಕಟ್ಟುತ್ತಾರೆ. ಕದಿರು ಕಟ್ಟಿದ ಜಾಗಗಳನ್ನು ಒಂದೊಂದಾಗಿ ಎಣಿಸಿದರೆ ಆ ಮನೆ ಯಾವುದರಿಂದ ಬದುಕಿದೆ ಎಂಬ ಪಟ್ಟಿಯೇ ಸಿದ್ಧವಾಗುತ್ತದೆ. ಬಳಿಕ ಹೊಸ ಅಕ್ಕಿಯ ಊಟ. ತುಳುವರಿಗೆ ಅದು ಪುದ್ದಾರ್, ಕುಂದಾಪುರದ ಕಡೆ ಹೊಸ್ತು. ಹೊಸ ಅನ್ನವನ್ನು ಉಣ್ಣುವ ಮೊದಲು ಕಿರಿಯರು ಹಿರಿಯರಿಗೆ ತಿಳಿಸಿ, ನಮಸ್ಕರಿಸಿ, ಒಪ್ಪಿಗೆ ಪಡೆಯುವುದು ಸಂಪ್ರದಾಯ.

ಕರಾವಳಿಯ ಕೊಂಕಣಿ ಕ್ರೈಸ್ತರು ತುಸು ಮೊದಲೇ, ಸೆಪ್ಟೆಂಬರ್ 8ರಂದು, ಮೇರಿ ಮಾತೆಯ ಜನ್ಮದಿನವನ್ನು ಮೊಂತಿ ಫೆಸ್ತ್ ಎಂಬ ತೆನೆ ಹಬ್ಬವಾಗಿ ಆಚರಿಸುತ್ತಾರೆ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಮನೆಯ ಹಿರಿಯರು ಹಾಲಿನಲ್ಲಿ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ದೂರದೂರಿನಲ್ಲಿರುವ ಮಕ್ಕಳಿಗೆ ಕೆಲವು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯ ಮೂಲಕ ಕಳುಹಿಸುವ ಪದ್ಧತಿಯೂ ಇವರಲ್ಲಿ ಬೆಳೆದು ಬಂತು. ಹೊರನಾಡಿನಲ್ಲಿರುವ ನಾವೆಲ್ಲರೂ ಗಮನಿಸಬೇಕಾದ ಸಂಗತಿ ಇದು. ಆ ಲಕೋಟೆ ತೆರೆದವನಿಗೆ ಊಟದಲ್ಲಿ ತನ್ನ ಪಾಲು ಇನ್ನೂ ಉಳಿದಿದೆ ಎಂಬುದು ತಿಳಿಯುತ್ತದೆ.

ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವ. ಕೊಡವರ ಮನೆಗಳಲ್ಲಿ ತೆಂಗಿನಕಾಯಿಯನ್ನೋ ಸೌತೆಕಾಯಿಯನ್ನೋ ಕೆಂಪು ರೇಷ್ಮೆ ಬಟ್ಟೆ ಮತ್ತು ಒಡವೆಗಳಿಂದ ಸಿಂಗರಿಸಿ, ಅದನ್ನೇ ಕಾವೇರಮ್ಮನೆಂದು ಬಗೆದು ಎಲ್ಲರೂ ನಮಿಸುತ್ತಾರೆ. ಕಿರಿಯರು ಹಿರಿಯರ ಆಶೀರ್ವಾದ ಪಡೆಯುವುದು ಇಲ್ಲಿಯೂ ತಪ್ಪುವುದಿಲ್ಲ.

ನೀರಿಗೆ, ದನಕರುಗಳಿಗೆ, ಒಡಹುಟ್ಟಿದವರಿಗೆ: ದೀಪಾವಳಿ

ದೀಪಾವಳಿಯೆಂದರೆ ಪಟಾಕಿ ಎಂದಷ್ಟೇ ಬಲ್ಲ ಮಕ್ಕಳಿಗೆ ಅದರ ಮೊದಲ ದಿನ ನೀರು ತುಂಬುವ ಹಬ್ಬವೆಂದು ಹೇಳಿದರೆ ಆಶ್ಚರ್ಯವಾದೀತು. ತ್ರಯೋದಶಿಯಂದು ಬಚ್ಚಲ ಹಂಡೆಯನ್ನು ಉಜ್ಜಿ ಬೆಳಗಿ, ಬಾವಿಗೆ ಪೂಜೆ ಮಾಡಿ, ಹೊಸ ನೀರು ತುಂಬುತ್ತಾರೆ. ಮರುದಿನ ನರಕ ಚತುರ್ದಶಿಯ ಬೆಳಗ್ಗೆ ಆ ನೀರಿನಲ್ಲಿ ಅಭ್ಯಂಜನ. ಮನೆಯ ಹಿರಿಯ ಹೆಂಗಸು ಒಬ್ಬೊಬ್ಬರ ನೆತ್ತಿಗೂ ಎಣ್ಣೆಯೊತ್ತಿ ಆರತಿ ಬೆಳಗುತ್ತಾಳೆ. ಬಲಿಪಾಡ್ಯಮಿಯಂದು ಗೋಪೂಜೆ. ಮಲೆನಾಡಿನಲ್ಲಿ ದನಕರುಗಳ ಮೈ ತೊಳೆದು, ಅಡಿಕೆ, ಹೂವುಗಳ ಮಾಲೆ ಹಾಕಿ, ಅಂದು ಎತ್ತುಗಳಿಗೆ ನೊಗ ಹೂಡದೆ ಬಿಡುತ್ತಾರೆ. ದುಡಿಯುವ ಪ್ರಾಣಿಗೆ ಒಂದು ದಿನದ ಬಿಡುವು ಕೊಡುವುದೂ ಕೃತಜ್ಞತೆಯೇ. ಲಂಬಾಣಿ ತಾಂಡಾಗಳಲ್ಲಿ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಶುಭ ಹಾರೈಸುವ ‘ಮೇರಾ’ ಎಂಬ ಆಚರಣೆ ಈ ಹೊತ್ತಿನದೇ.

ಅನಂತರದ ಎರಡು ದಿನಗಳಿಗೆ ನಮ್ಮವರು ಇಟ್ಟ ಹೆಸರುಗಳು ಸೊಗಸಾಗಿವೆ: ಭಾವನ ಬಿದಿಗೆ, ಅಕ್ಕನ ತದಿಗೆ. ತೌರಿಗೂ ಕೊಟ್ಟ ಮನೆಗೂ ನಡುವಣ ಋಣವನ್ನು ನೆನೆಯಲೆಂದೇ ಎರಡು ದಿನಗಳನ್ನು ಎತ್ತಿಟ್ಟರು. ಕಾರ್ತಿಕದಲ್ಲಿ ತುಳಸಿಯ ಜೊತೆಗೆ ನೆಲ್ಲಿಯ ಕೊಂಬೆಯನ್ನಿಟ್ಟು ಪೂಜಿಸುವುದು, ನೆಲ್ಲಿಯ ಮರದಡಿಯಲ್ಲಿ ಮನೆಮಂದಿಯೆಲ್ಲ ಕುಳಿತು ವನಭೋಜನ ಮಾಡುವುದು ಈ ಸಾಲಿನ ಕೊನೆಯ ಕೊಂಡಿಗಳು.

ಮಹಾನಗರದಲ್ಲಿ ಏನಾಯಿತು?

ಈ ಎಲ್ಲ ಆಚರಣೆಗಳಲ್ಲಿ ಸಮಾನವಾದ ಎರಡು ಅಂಶಗಳಿವೆ. ಒಂದು, ಕೃತಜ್ಞತೆಯನ್ನು ಸ್ವೀಕರಿಸುವವರು ಯಾರೆಂಬುದು ಸ್ಪಷ್ಟ: ಈ ಗದ್ದೆ, ಈ ಬಾವಿ, ಈ ಎತ್ತು, ಈ ಅಜ್ಜ. ಎರಡು, ಮನೆಯ ಎಲ್ಲರಿಗೂ ಅದರಲ್ಲಿ ಕೈಕೆಲಸವಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಿಗೆ ಬಂದ ನಮ್ಮ ಮನೆಗಳಲ್ಲಿ ಸಡಿಲವಾದವು ಈ ಎರಡೇ. ಗದ್ದೆ ಪಾಲಾಯಿತು ಅಥವಾ ಪಾಳುಬಿದ್ದಿತು. ಬಾವಿಯ ಬದಲು ನಲ್ಲಿ ಬಂತು. ಅಜ್ಜ ಗೋಡೆಯ ಚಿತ್ರವಾದರು. ಮಂಗಳವಾರವೋ ಬುಧವಾರವೋ ಬೀಳುವ ಸೀಗೆ ಹುಣ್ಣಿಮೆಗೆ ಇಲ್ಲಿ ರಜೆಯಿಲ್ಲ. ಉಳಿದದ್ದು ಅಂಗಡಿಯ ಸಿಹಿ ಮತ್ತು ಮೊಬೈಲಿನಲ್ಲಿ ಬರುವ ಶುಭಾಶಯದ ಚಿತ್ರಗಳು. ಮನೆಯಲ್ಲಿ ಧನ್ಯವಾದವೆಂಬ ಮಾತನ್ನು ನಾವು ಆಡುವುದಿಲ್ಲ. ಅದರ ಬದಲಿಗಿದ್ದ ಕೈಕೆಲಸವನ್ನೂ ಬಿಟ್ಟರೆ ಮುಂದಿನ ಪೀಳಿಗೆಗೆ ಉಪಕಾರಸ್ಮರಣೆಯ ಭಾಷೆಯೇ ಇಲ್ಲದಂತಾಗುತ್ತದೆ. ಹಬ್ಬಗಳ ವಿಷಯದಲ್ಲಿ ನಮ್ಮ ನಿಜವಾದ ಆತಂಕ ಇದು.

ನಿರಾಶರಾಗಬೇಕಾದ ಕಾರಣವಿಲ್ಲ. ನಾವಿರುವ ಊರುಗಳ ನೆರೆಹೊರೆಯವರೂ ಇದೇ ದಿನಗಳಲ್ಲಿ ಇದೇ ಕೆಲಸ ಮಾಡುತ್ತಿರುತ್ತಾರೆ. ಮಹಾರಾಷ್ಟ್ರದಲ್ಲಿ ನಮ್ಮ ಆಯುಧ ಪೂಜೆಯೇ ಖಂಡೇ ನವಮಿ. ಬನ್ನಿಯಂತೆಯೇ ಆಪಟಾ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ನಮ್ಮ ಸೀಗೆ ಹುಣ್ಣಿಮೆಯೇ ಅವರ ಕೋಜಾಗಿರಿ. ಬೆಳದಿಂಗಳಲ್ಲಿ ಹಾಲು ಕುಡಿಯುವ ಆ ದಿನ ಮನೆಯ ಹಿರಿಯ ಮಗುವಿಗೆ ಆರತಿ ಬೆಳಗುವ ಪದ್ಧತಿ ಅವರಲ್ಲಿದೆ. ತೆಲಂಗಾಣದಲ್ಲಿ ಮಹಾಲಯ ಅಮಾವಾಸ್ಯೆಯಿಂದ ಹೆಂಗಸರು ಕಾಡುಹೂಗಳ ಬತುಕಮ್ಮ ಕಟ್ಟಿ ಕೆರೆಗೆ ಬಿಡುತ್ತಾರೆ. 2014ರಲ್ಲಿ ಅದು ಅಲ್ಲಿನ ರಾಜ್ಯೋತ್ಸವವಾಯಿತು. ಚೆನ್ನೈಯಲ್ಲಿ ಕೊಲು, ದೆಹಲಿಯಲ್ಲಿ ಬಲಿಪಾಡ್ಯಮಿಯಂದೇ ಗೋವರ್ಧನ ಪೂಜೆ ಮತ್ತು ಅನ್ನಕೂಟ. ಹೊರನಾಡಿನ ಕನ್ನಡಿಗ ಈ ಋತುವಿನಲ್ಲಿ ಒಂಟಿಯಲ್ಲ.

ಇಂದಿನ ಮನೆಯಲ್ಲಿ ಹೇಗೆ?

ಮೇಲಿನ ಎರಡು ಅಂಶಗಳನ್ನು ಉಳಿಸಿಕೊಂಡರೆ ಎರಡು ಕೋಣೆಯ ಮನೆಯಲ್ಲೂ ಶರದೃತುವಿನ ಆಚರಣೆ ಸಾಧ್ಯ. ಮನೆಮಂದಿ ಕೂಡಿ ಮಾಡಬಹುದಾದ ಕೆಲವನ್ನು ಇಲ್ಲಿ ಸೂಚಿಸುತ್ತೇವೆ.

ಮಹಾಲಯದ ಸಂಜೆ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಬೇಕು. ಈ ಊರಿಗೆ ನಮ್ಮ ಮನೆಯವರು ಮೊದಲು ಬಂದಾಗ ಯಾರು ಆಸರೆ ಕೊಟ್ಟರು ಎಂಬುದನ್ನು ಹಿರಿಯರು ಹೆಸರು ಹಿಡಿದು ಹೇಳಬೇಕು. ಮುಂಬಯಿಯ ಕನ್ನಡಿಗರ ಹಿಂದಿನ ಪೀಳಿಗೆಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು ಅನೇಕರು. ಮಲಗಲು ಜಾಗ ಕೊಟ್ಟ ಹೋಟೆಲಿನ ಧಣಿ, ದಣಿದು ತೂಕಡಿಸುತ್ತಿದ್ದ ಹುಡುಗರಿಗೆ ಪಾಠ ಹೇಳಿದ ಮಾಸ್ತರರು, ತಿಂಗಳ ಕೊನೆಯಲ್ಲಿ ಹಣ ಕೇಳದ ಖಾನಾವಳಿಯಾಕೆ, ಜ್ವರ ಬಂದಾಗ ಗಂಜಿ ಕೊಟ್ಟ ಚಾಳಿನ ಮರಾಠಿ ಅಜ್ಜಿ, ಇಂಥವರ ಋಣದ ಮೇಲೆ ನಿಂತ ಮನೆಗಳು ನಮ್ಮವು. ಇವರ ಹೆಸರು ಯಾವ ವಂಶವೃಕ್ಷದಲ್ಲೂ ಸಿಗುವುದಿಲ್ಲ. ಮಕ್ಕಳು ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಲಿ. ವರ್ಷಕ್ಕೆ ಒಂದೆರಡು ಪುಟವಾದರೂ ಸಾಕು; ಹತ್ತು ವರ್ಷಗಳಲ್ಲಿ ಅದು ಮನೆತನದ ಚರಿತ್ರೆಯಾಗುತ್ತದೆ. ಮಕ್ಕಳಿಗೆ ಕನ್ನಡ ಬರೆಯಲು ಒಂದು ಕಾರಣವೂ ಸಿಕ್ಕಂತಾಗುತ್ತದೆ.

ಆಯುಧ ಪೂಜೆಯಂದು ಒಬ್ಬೊಬ್ಬರೂ ತಮಗೆ ಅನ್ನ ಕೊಡುವ ಅಥವಾ ವಿದ್ಯೆ ಕೊಡುವ ಒಂದು ವಸ್ತುವನ್ನು ಆರಿಸಿ, ಬೇರೆಯವರಿಗೆ ಹೇಳದೆ ತಾವೇ ಒರೆಸಿ ಶುಚಿಗೊಳಿಸಬೇಕು. ಕಾರು, ಸ್ಕೂಟರುಗಳ ಜೊತೆಗೆ ಅಡುಗೆಮನೆಯ ಮಿಕ್ಸಿ, ಕುಕ್ಕರ್, ಅಜ್ಜಿಯ ಕನ್ನಡಕ, ಅಜ್ಜನ ಊರುಗೋಲುಗಳಿಗೂ ಹೂವಿರಲಿ. ಬೂದುಗುಂಬಳ ಒಡೆದರೆ ಹೋಳುಗಳನ್ನು ಕೂಡಲೇ ರಸ್ತೆಯಿಂದ ತೆಗೆಯಬೇಕು. ಅದರ ಮೇಲೆ ದ್ವಿಚಕ್ರ ವಾಹನಗಳು ಜಾರಿ ಬೀಳುವುದುಂಟು. ನಮ್ಮ ವಾಹನದ ಕ್ಷೇಮಕ್ಕಾಗಿ ಮಾಡಿದ ಪೂಜೆ ಇನ್ನೊಬ್ಬನ ಕಾಲು ಮುರಿಯಬಾರದು. ಬನ್ನಿ, ಆಪಟಾ ಎಲೆಗಳಿಗಾಗಿ ಕೊಂಬೆಗಳನ್ನೇ ಕಡಿಯುವುದೂ ಸಲ್ಲದು; ಒಂದು ಎಲೆ ಸಾಕು.

ಸೀಗೆ ಹುಣ್ಣಿಮೆಯ ರಾತ್ರಿ ಕಟ್ಟಡದ ತಾರಸಿಯಲ್ಲಿ ಬುತ್ತಿಯೂಟ ಮಾಡಬಹುದು. ತಟ್ಟೆಯಲ್ಲಿರುವ ಅಕ್ಕಿ, ಜೋಳ, ಬೇಳೆ, ಸೊಪ್ಪು ಯಾವ ಊರಿನವು ಎಂಬುದನ್ನು ಮಕ್ಕಳು ಮೊದಲೇ ಅಂಗಡಿಯವರಲ್ಲಿ ವಿಚಾರಿಸಿಕೊಂಡು ಬಂದು ಹೇಳಲಿ. ಊರಲ್ಲಿ ಇಂದಿಗೂ ಉಳುಮೆ ಮಾಡುವ ಚಿಕ್ಕಪ್ಪನೋ ದಾಯಾದಿಯೋ ಇದ್ದರೆ ಅಂದು ಅವರಿಗೆ ಫೋನ್ ಮಾಡಿ ಪೈರು ಹೇಗಿದೆಯೆಂದು ಕೇಳಬೇಕು. ಜಮೀನಿನ ಪಾಲಿನ ವಿಷಯವನ್ನು ಆ ದಿನ ಎತ್ತದಿರುವುದು ಒಳ್ಳೆಯದು.

ನೀರು ತುಂಬುವ ಹಬ್ಬದಂದು ನಲ್ಲಿಯ ನೀರು ಎಲ್ಲಿಂದ ಬರುತ್ತದೆಂದು ತಿಳಿಯುವುದು ಉಚಿತ. ಮುಂಬಯಿಯ ನೀರು ನಗರದೊಳಗಿನ ವಿಹಾರ್, ತುಳಸಿ ಸರೋವರಗಳಿಂದ ಬರುವುದು ಸ್ವಲ್ಪವೇ. ಬಹುಪಾಲು ಬರುವುದು ಠಾಣೆ, ಪಾಲ್ಘರ್, ನಾಸಿಕ್ ಜಿಲ್ಲೆಗಳ ಭಾತ್ಸಾ, ತಾನ್ಸಾ, ಮೋಡಕ್ ಸಾಗರ, ಮಧ್ಯ ವೈತರಣಾ ಮತ್ತು ಮೇಲಿನ ವೈತರಣಾ ಜಲಾಶಯಗಳಿಂದ. ಈ ಜಲಾಶಯಗಳ ನೆರೆಯಲ್ಲಿರುವ ಶಹಾಪುರ ತಾಲೂಕಿನ ಹಳ್ಳಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಒದಗಿಸಬೇಕಾಗುತ್ತದೆ. ನಮ್ಮ ಹಂಡೆ ತುಂಬಿದಾಗ ಯಾರ ಕೊಡ ಬರಿದಾಗಿದೆ ಎಂಬುದನ್ನು ತಿಳಿದ ಮಗು ನಲ್ಲಿಯನ್ನು ತೆರೆದಿಟ್ಟು ಹಲ್ಲುಜ್ಜಲಾರದು. ಪುಣೆಯವರಿಗೆ ಖಡಕ್‌ವಾಸ್ಲಾ, ಚೆನ್ನೈಯವರಿಗೆ ಪೂಂಡಿ, ಚೆಂಬರಂಬಾಕ್ಕಂ, ಹೈದರಾಬಾದಿನವರಿಗೆ ಮಂಜೀರಾ, ಕೃಷ್ಣಾ, ಗೋದಾವರಿ, ದೆಹಲಿಯವರಿಗೆ ಯಮುನೆ, ಗಂಗೆ. ಅವರವರ ನೀರಿನ ಹೆಸರನ್ನು ಅವರವರು ಅಂದು ಹೇಳಿಕೊಳ್ಳಲಿ.

ಅಭ್ಯಂಜನದ ಬೆಳಗ್ಗೆ ಹಿರಿಯರು ಕಿರಿಯರಿಗೆ ಎಣ್ಣೆಯೊತ್ತಿದ ಮೇಲೆ ಕಿರಿಯರೂ ಅಜ್ಜ ಅಜ್ಜಿಯರ ಕೈಕಾಲುಗಳಿಗೆ ಎಣ್ಣೆ ಹಚ್ಚಲಿ. ಗೋಪೂಜೆಗೆ ಹಸು ಸಿಗದಿದ್ದರೆ ಅದರ ತಿರುಳನ್ನಾದರೂ ನಡೆಸಬಹುದು: ವರ್ಷವಿಡೀ ನಮಗಾಗಿ ದುಡಿಯುವವರಿಗೆ ಒಂದು ದಿನದ ಬಿಡುವು. ಮನೆಗೆಲಸದಾಕೆಗೆ ಸಂಬಳ ಕಡಿಯದೆ ರಜೆ ಕೊಟ್ಟು, ಅಂದಿನ ಪಾತ್ರೆಗಳನ್ನು ಮನೆಯವರೇ ತೊಳೆದರೆ ಬಲಿಪಾಡ್ಯಮಿ ಸಾರ್ಥಕ.

ಒಂದು ಎಚ್ಚರ

ಹಳೆಯದೆಲ್ಲವೂ ಕುಂದಿಲ್ಲದ್ದೆಂದು ನಾವು ಹೇಳುವುದಿಲ್ಲ. ಹಬ್ಬದ ದಿನ ನಸುಕಿನಲ್ಲಿ ಎದ್ದು, ಹತ್ತು ಬಗೆ ಮಾಡಿ, ಎಲ್ಲರಿಗೂ ಬಡಿಸಿ, ಕೊನೆಗೆ ತಣ್ಣಗಾದುದನ್ನು ಉಣ್ಣುವವಳು ಮನೆಯ ಗೃಹಿಣಿ. ಕತ್ತರಿಗೂ ಕಾರಿಗೂ ಹೂವಿಡುವ ಹಬ್ಬದಲ್ಲಿ, ಅಡುಗೆಯ ಕೈಗೆ ಸಲ್ಲಬೇಕಾದುದು ಸಲ್ಲದೆ ಉಳಿದಿದೆ. ಹೊರಗೆ ದುಡಿದು ಬಂದು ಮನೆಯ ಹಬ್ಬವನ್ನೂ ಹೊರುವ ಇಂದಿನ ಹೆಣ್ಣುಮಕ್ಕಳಿಗೆ ಇದು ಇನ್ನೂ ಭಾರ. ಅಡುಗೆಯ ಸಂಖ್ಯೆ ಕಡಿಮೆಯಾಗಲಿ, ಕೈಗಳ ಸಂಖ್ಯೆ ಹೆಚ್ಚಲಿ. ಈ ಋತುವಿನ ಒಂದು ಹಬ್ಬದಲ್ಲಾದರೂ ಗಂಡಸರು ಬಡಿಸಿ, ಹೆಂಗಸರು ಮೊದಲ ಪಂಕ್ತಿಯಲ್ಲಿ ಕುಳಿತು ಬಿಸಿಯಾಗಿ ಉಣ್ಣಲಿ. ಇದರಿಂದ ಯಾವ ಶಾಸ್ತ್ರಕ್ಕೂ ಲೋಪವಾಗದು.

ಕೃತಜ್ಞತೆಯ ಪ್ರಯೋಜನವನ್ನು ಆಧುನಿಕ ಮನಶ್ಶಾಸ್ತ್ರವೂ ಪರಿಶೀಲಿಸಿದೆ. 2003ರಲ್ಲಿ ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ ಎಂಬ ವಿದ್ವಾಂಸರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹತ್ತು ವಾರಗಳ ಕಾಲ ವಾರಕ್ಕೊಮ್ಮೆ ತಮಗೆ ದೊರೆತ ಒಳಿತುಗಳನ್ನು ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿದ್ದುದು ಕಂಡುಬಂದಿತು. ಅಲ್ಲಿ ಒಬ್ಬೊಬ್ಬರೂ ತಮ್ಮ ಪಾಡಿಗೆ ಬರೆದುಕೊಂಡರು. ನಮ್ಮ ಹಬ್ಬಗಳಲ್ಲಿ ಮನೆಯವರೆಲ್ಲ ಕೂಡಿ, ಕೇಳಿಸುವಂತೆ ಹೆಸರಿಡಿದು ಹೇಳುತ್ತಾರೆ. ಮಕ್ಕಳು ಕೃತಜ್ಞತೆಯನ್ನು ಉಪದೇಶದಿಂದ ಕಲಿಯಲಾರರು. ತಂದೆ ಇನ್ನೊಬ್ಬರ ಕಾಲಿಗೆರಗುವುದನ್ನು, ತಾಯಿ ಒಬ್ಬ ಹಳೆಯ ಗೆಳತಿಯ ಉಪಕಾರವನ್ನು ನೆನೆದು ಕಣ್ಣೊರೆಸಿಕೊಳ್ಳುವುದನ್ನು ಕಂಡೇ ಅದನ್ನು ಕಲಿಯಬೇಕು.

‘ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ’ ಎಂಬುದು ನಮ್ಮ ಗಾದೆ. ಹಳ್ಳಿಯಲ್ಲಿ ಉಪ್ಪಿಕ್ಕಿದವರ ಮುಖ ಪರಿಚಿತವಾಗಿತ್ತು, ನೆನೆಯುವುದು ಸುಲಭವಿತ್ತು. ಮಹಾನಗರದಲ್ಲಿ ನಮಗೆ ಅನ್ನ, ನೀರು, ಬೆಳಕು ಕೊಡುವವರ ಮುಖ ನಮಗೆ ಕಾಣುವುದಿಲ್ಲ. ಆದುದರಿಂದ ಇಲ್ಲಿ ಮೊದಲು ಅವರು ಯಾರೆಂದು ಹುಡುಕಬೇಕು, ಆಮೇಲೆ ನೆನೆಯಬೇಕು. ಆ ಹುಡುಕಾಟಕ್ಕೆ ಮನೆಮಂದಿಯೆಲ್ಲ ಒಟ್ಟಾಗಿ ಹೊರಡಲು ಶರದೃತುವಿಗಿಂತ ಪ್ರಶಸ್ತವಾದ ಕಾಲ ಬೇರೊಂದಿಲ್ಲ.